ಬಿಎಸ್ಸಿ ಪ್ರಾಜೆಕ್ಟಿಗೆ ಹಣ್ಣುನೊಣ ಮತ್ತು ಪಾರ್ಕಿನ್ಸನ್ಸ್: ನನ್ನ ಅನುಭವ

ಕಾಸರಗೋಡಿನಲ್ಲಿ ಪದವಿ ಮಕ್ಕಳು ರೋಗ ಮತ್ತು ಜೀನ್ ಬಗ್ಗೆ ಪ್ರಾಜೆಕ್ಟ್ ಯೋಚಿಸಿದ ಕೂಡಲೇ ಎಣ್ಮಕಜೆ, ಪಡ್ರೆ ಕಡೆಯ ಎಂಡೋಸಲ್ಫಾನ್ ಸಂತ್ರಸ್ತರ ರಕ್ತ ಪರೀಕ್ಷಿಸೋಣ ಎಂಬ ಮಾತು ಬರುತ್ತದೆ. ನಾನು ಅದಕ್ಕೆ ಒಪ್ಪುವುದಿಲ್ಲ. ಅಷ್ಟು ನೋವು ಉಂಡ ಮನೆಗಳಿಗೆ ಸೂಜಿ ಹಿಡಿದು ಹೋದರೆ, ಒಂದು ಸೆಮಿಸ್ಟರಿನ ಕೆಲಸದಿಂದ ಅವರಿಗೆ ಮರಳಿ ಕೊಡಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ನೈತಿಕ ಸಮಿತಿಯ ಅನುಮತಿ ಬೇಕೆಂಬುದು ಅದರ ನಂತರದ ಮಾತು. ಹಣ್ಣುನೊಣವಾದರೆ ಹತ್ತು ದಿನಕ್ಕೊಂದು ತಲೆಮಾರು, ಖರ್ಚು ಕಡಿಮೆ, ತಪ್ಪಿದರೆ ಮತ್ತೆ ಮಾಡಬಹುದು.

ನಾವು ಆರಿಸಿಕೊಂಡದ್ದು ಪಿಂಕ್-1 ಜೀನ್. ಇದರ ಎರಡೂ ಪ್ರತಿಗಳು ಕೆಟ್ಟರೆ ಮನುಷ್ಯರಲ್ಲಿ ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ಸ್ ಬರುತ್ತದೆಂದು 2004ರಲ್ಲಿ ಗೊತ್ತಾಯಿತು. 2006ರಲ್ಲಿ ನೊಣದಲ್ಲಿ ಇದೇ ಜೀನ್ ತೆಗೆದಾಗ ಮೈಟೊಕಾಂಡ್ರಿಯ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಹಾಳಾಗಿ ಹಾರುವ ಸ್ನಾಯು ಸವೆಯಿತು; ಪಾರ್ಕಿನ್ ಎಂಬ ಇನ್ನೊಂದು ಜೀನನ್ನು ಹೆಚ್ಚಿಗೆ ಕೊಟ್ಟಾಗ ಆ ತೊಂದರೆ ಬಹುಪಾಲು ಸರಿಹೋಯಿತು. ಅಂದರೆ ಎರಡೂ ಒಂದೇ ದಾರಿಯಲ್ಲಿ ಕೆಲಸ ಮಾಡುತ್ತವೆ, ಪಿಂಕ್-1 ಮೇಲೆ, ಪಾರ್ಕಿನ್ ಕೆಳಗೆ.

ಬಳಸಿದ ತಳಿ ಪಿಂಕ್-1 ಬಿ9. ನೊಣದಲ್ಲಿ ಈ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ರೂಪಾಂತರ (ಮ್ಯುಟೇಶನ್, ಅಂದರೆ ಜೀನಿನ ಬದಲಾವಣೆ) ಹೊತ್ತ ಗಂಡುಗಳು ಬಂಜೆ, ಹಾಗಾಗಿ ತಳಿಯನ್ನು ಎಫ್‌ಎಂ7 ಎಂಬ ಬ್ಯಾಲೆನ್ಸರ್ (ಜೋಡಿಯೊಡನೆ ಬೆರೆಯದಂತೆ ಮಾರ್ಪಡಿಸಿದ ಎಕ್ಸ್ ಕ್ರೋಮೋಸೋಮ್) ಜೊತೆ ಇಟ್ಟುಕೊಳ್ಳಬೇಕು. ಇದರಿಂದ ಅನುಕೂಲವೇ ಆಯಿತು. ಒಂದೇ ಬಾಟಲಿಯಲ್ಲಿ ಹುಟ್ಟಿದ ಗಂಡುಗಳಲ್ಲಿ ಕಣ್ಣು ಪಟ್ಟಿಯಂತೆ ಕಿರಿದಾಗಿದ್ದರೆ ಎಫ್‌ಎಂ7, ದುಂಡಗೆ ಬೆಳ್ಳಗಿದ್ದರೆ ನಮಗೆ ಬೇಕಾದ ನೊಣ. ಕನ್ಯೆ ನೊಣ ಹೆಕ್ಕುವ ಕಷ್ಟವಿಲ್ಲ.

ಹೆಚ್ಚಿನವರು ಎಡವುವುದು ಕಂಟ್ರೋಲ್ ಆರಿಸುವಲ್ಲಿ. ಕೈಗೆ ಸಿಗುವ ಕೆಂಪು ಕಣ್ಣಿನ ಒರೆಗಾನ್-ಕೆ ನೊಣವನ್ನೇ ಹೋಲಿಕೆಗೆ ಇಟ್ಟುಬಿಡುತ್ತಾರೆ. ಬಿಳಿ ಕಣ್ಣಿನ ನೊಣಕ್ಕೆ ದೃಷ್ಟಿ ಮಂದ, ಟ್ಯೂಬಿನ ಗೋಡೆ ಹತ್ತುವುದೂ ನಿಧಾನ. ಹೀಗೆ ಬಂದ ವ್ಯತ್ಯಾಸದಲ್ಲಿ ಪಿಂಕ್-1ರ ಪಾಲೆಷ್ಟು, ಕಣ್ಣಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಎಫ್‌ಎಂ7 ಗಂಡುಗಳೂ ಆಗುವುದಿಲ್ಲ, ಅವುಗಳ ಕಣ್ಣು ಕಿರಿದು, ಬೇರೆ ರೂಪಾಂತರಗಳೂ ಇರುತ್ತವೆ. ಅದೇ ಹಿನ್ನೆಲೆಯ, ಬಿಳಿ ಕಣ್ಣಿನ ಡಬ್ಲ್ಯೂ-1118 ತಳಿಯನ್ನೇ, ಅದೇ ದಿನ, ಅದೇ ಆಹಾರದಲ್ಲಿ ಬೆಳೆಸಬೇಕು.

ಆಹಾರ ಮೈಸೂರಿನ ಪ್ರಯೋಗಾಲಯಗಳಲ್ಲಿ ರೂಢಿಯಲ್ಲಿರುವ ರವೆ-ಬೆಲ್ಲದ್ದು: 1 ಲೀಟರ್ ನೀರಿಗೆ ಗೋಧಿ ರವೆ 100 ಗ್ರಾಂ, ಬೆಲ್ಲ 100 ಗ್ರಾಂ, ಅಗರ್ 10 ಗ್ರಾಂ. ಗಂಟಾಗದಂತೆ ಕದಡುತ್ತಾ ಕುದಿಸಿ, ಇಳಿಸಿ, 60 ಡಿಗ್ರಿ ಆಸುಪಾಸಿಗೆ ಆರಿದ ಮೇಲೆ 7.5 ಮಿ.ಲೀ. ಪ್ರೊಪಿಯಾನಿಕ್ ಆಮ್ಲ ಸೇರಿಸುವುದು. ಬಿಸಿಗೇ ಹಾಕಿದರೆ ಆಮ್ಲ ಆವಿಯಾಗಿ ಹೋಗುತ್ತದೆ, ಮೂರನೇ ದಿನಕ್ಕೆ ಬೂಷ್ಟು. ಆಟಿ ತಿಂಗಳ ಮಳೆಯಲ್ಲಿ ಟ್ಯೂಬಿನ ಒಳಗೋಡೆ ಬೆವರುತ್ತದೆ, ನೊಣ ಅಂಟಿಕೊಂಡು ಸಾಯುತ್ತದೆ. ಸುರಿದ ಮೇಲೆ ತೆಳುಬಟ್ಟೆ ಮುಚ್ಚಿ ಒಂದು ರಾತ್ರಿ ಹಾಗೇ ಬಿಟ್ಟು, ಮರುದಿನ ಹತ್ತಿಯ ಬಿರಡೆ ಹಾಕಿದರೆ ಈ ತೊಂದರೆ ಬಹಳ ಕಡಿಮೆ. ಬೆಲ್ಲಕ್ಕೆ ಇರುವೆ ಬಂದೇ ಬರುತ್ತದೆ, ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ.

ತಾಪಮಾನ 25 ಡಿಗ್ರಿ. ಏಪ್ರಿಲ್-ಮೇಯಲ್ಲಿ ನಮ್ಮ ಕೋಣೆಗಳು 30 ದಾಟುತ್ತವೆ. ಆ ಶಾಖದಲ್ಲಿ ಬೆಳೆದರೆ ಎಫ್‌ಎಂ7 ಗಂಡುಗಳೂ ಬಂಜೆಯಾಗಿ ತಳಿಯೇ ನಿಂತುಹೋಗುತ್ತದೆ. ಇನ್‌ಕ್ಯುಬೇಟರ್ ಇಲ್ಲದಿದ್ದರೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮಂಜುಗಟ್ಟಿಸಿದ ನೀರಿನ ಬಾಟಲಿ ಇಟ್ಟು, ಒಳಗೊಂದು ಥರ್ಮಾಮೀಟರ್ ನೇತುಹಾಕಿ ದಿನಕ್ಕೆ ಮೂರು ಬಾರಿ ಬರೆದಿಡಬೇಕು.

ಅದೇ ತಿಂಗಳುಗಳಲ್ಲಿ ಗೇರುಹಣ್ಣು, ಹಲಸು ಕೊಳೆಯುವುದರಿಂದ ಊರಿನ ನೊಣಗಳು ಕೋಣೆ ತುಂಬ. ಒಂದು ಕಾಡುಗಂಡು ಬಾಟಲಿಯೊಳಗೆ ನುಸುಳಿದರೂ ಮುಂದಿನ ತಲೆಮಾರಿನಲ್ಲಿ ದುಂಡನೆಯ ಕೆಂಪು ಕಣ್ಣಿನ ಹೆಣ್ಣು ಕಾಣಿಸುತ್ತದೆ. ಅದು ಕಂಡ ಬಾಟಲಿಯನ್ನು ಇಡೀ ತೆಗೆದುಹಾಕಿ. ಆ ಹೆಣ್ಣಿನಲ್ಲಿ ಬ್ಯಾಲೆನ್ಸರ್ ಇಲ್ಲ, ಕ್ರೋಮೋಸೋಮುಗಳು ಬೆರೆಯತೊಡಗಿದರೆ ಯಾವ ನೊಣದಲ್ಲಿ ಏನಿದೆ ಎಂದು ಕಣ್ಣು ನೋಡಿ ಹೇಳಲಾಗುವುದಿಲ್ಲ. ಪ್ರತಿ ತಳಿಗೂ ಮೂರು ಬಾಟಲಿ ಬೇರೆ ಬೇರೆ ಕಡೆ ಇಟ್ಟಿರಲೇಬೇಕು.

ಮೊದಲು ನೋಡಬೇಕಾದದ್ದು ಬೆನ್ನು. ಪೆಟ್ರಿ ತಟ್ಟೆಯನ್ನು ಮಂಜುಗಡ್ಡೆಯ ಮೇಲಿಟ್ಟು ನೊಣ ಮಲಗಿಸಿ, ಸ್ಟೀರಿಯೋ ಮೈಕ್ರೋಸ್ಕೋಪಿನಲ್ಲಿ ಬೆಳಕನ್ನು ಪಕ್ಕದಿಂದ ಬಿಡಿ. ಒಳಗಿನ ಸ್ನಾಯು ಸವೆದ ನೊಣದ ಎದೆಭಾಗದ ಮೇಲೆ, ರೊಟ್ಟಿಯ ಹಿಟ್ಟಿಗೆ ಬೆರಳೊತ್ತಿದಂತೆ ಒಂದು ಕುಳಿ, ಅದರೊಳಗೆ ಅರ್ಧಚಂದ್ರದಂಥ ನೆರಳು. ಮೇಲಿನಿಂದ ನೇರ ಬೆಳಕು ಬಿದ್ದರೆ ನೆರಳಿಲ್ಲ, ಕುಳಿಯೂ ಕಾಣುವುದಿಲ್ಲ. ಎಷ್ಟೋ ಮಕ್ಕಳು ಹೀಗೆ ನೋಡಿಯೇ ‘ಏನೂ ಇಲ್ಲ’ ಎಂದು ಬರೆಯುತ್ತಾರೆ. ರೆಕ್ಕೆ ಮೇಲೆದ್ದಿದೆಯೋ ಜೋತಿದೆಯೋ ಎಂದೂ ಗುರುತಿಸಿ. ಎಲ್ಲ ನೊಣದಲ್ಲೂ ಇವು ಇರುವುದಿಲ್ಲ, ಎಷ್ಟಕ್ಕೆ ಎಷ್ಟು ಎಂದು ಎಣಿಸಬೇಕು.

ಹತ್ತುವ ಪರೀಕ್ಷೆಗೆ 3ರಿಂದ 5 ದಿನದ ಗಂಡುಗಳು, ಟ್ಯೂಬಿಗೆ 10. ಎರಡು ಖಾಲಿ ಟ್ಯೂಬ್ ಬಾಯಿಗೆ ಬಾಯಿ ಜೋಡಿಸಿ ಟೇಪ್ ಸುತ್ತಿ, ತಳದಿಂದ 8 ಸೆಂ.ಮೀ.ಗೆ ಗೆರೆ. ಮೇಜಿಗೆ ಮೂರು ಸಲ ತಟ್ಟಿ ಎಲ್ಲವನ್ನೂ ಕೆಳಗಿಳಿಸಿ, 10 ಸೆಕೆಂಡಿನಲ್ಲಿ ಗೆರೆ ದಾಟಿದವುಗಳನ್ನು ಎಣಿಸಿ, ಒಂದು ನಿಮಿಷ ಬಿಟ್ಟು ಮತ್ತೆ. ಹೀಗೆ ಐದು ಸಲ. ಮೊಬೈಲಿನಲ್ಲಿ ವಿಡಿಯೋ ಮಾಡಿ ಆಮೇಲೆ ಎಣಿಸಿದರೆ ಜಗಳವಿಲ್ಲ. ಮಂಜಿನಲ್ಲಿ ಮಲಗಿಸಿದ ನೊಣಕ್ಕೆ 24 ಗಂಟೆ ವಿಶ್ರಾಂತಿ ಕೊಡದೆ ಪರೀಕ್ಷಿಸಬಾರದು. ನಿತ್ಯ ಒಂದೇ ಹೊತ್ತಿಗೆ ಮಾಡಿ. ಟ್ಯೂಬಿನ ಮೇಲೆ ತಳಿಯ ಹೆಸರಿನ ಬದಲು ಸಂಖ್ಯೆ ಮಾತ್ರ ಇರಲಿ, ಆ ಪಟ್ಟಿ ಎಣಿಸದವರ ಕೈಯಲ್ಲಿರಲಿ.

ಲೆಕ್ಕ ಹಾಕುವಾಗ ಒಂದು ತಪ್ಪು ಪದೇ ಪದೇ ಕಾಣುತ್ತೇನೆ. 8 ಟ್ಯೂಬ್, 10 ನೊಣ, 5 ಸಲ, ಒಟ್ಟು 400 ಮಾದರಿ ಎಂದು ಬರೆಯುವುದು. ಒಂದು ಟ್ಯೂಬಿನ ನೊಣಗಳು ಒಂದನ್ನೊಂದು ನೋಡಿ ಹತ್ತುತ್ತವೆ, ತಟ್ಟಿದ ಪೆಟ್ಟೂ ಒಂದೇ. ಹಾಗಾಗಿ ಟ್ಯೂಬಿಗೆ ಒಂದೇ ಸಂಖ್ಯೆ, ಐದು ಸಲದ ಸರಾಸರಿ, ಮಾದರಿ 8. 400 ಎಂದುಕೊಂಡರೆ ಇಲ್ಲದ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ.

ಕೊನೆಗೆ, ನೊಣದಲ್ಲಿ ರೂಪಾಂತರ ನಿಜಕ್ಕೂ ಇದೆಯೇ ಎಂದು ನೋಡಲು ಪಿಸಿಆರ್ (ಡಿಎನ್ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ). ಒಂದು ನೊಣವನ್ನು 50 ಮೈಕ್ರೋಲೀಟರ್ ದ್ರಾವಣದಲ್ಲಿ (10 ಮಿಲಿಮೋಲಾರ್ ಟ್ರಿಸ್ ಪಿಎಚ್ 8.2, 1 ಮಿಲಿಮೋಲಾರ್ ಇಡಿಟಿಎ, 25 ಮಿಲಿಮೋಲಾರ್ ಉಪ್ಪು, ಮಿ.ಲೀ.ಗೆ 200 ಮೈಕ್ರೋಗ್ರಾಂ ಪ್ರೋಟೀನೇಸ್-ಕೆ ಎಂಬ ಪ್ರೋಟೀನ್ ಕರಗಿಸುವ ಕಿಣ್ವ) ಪಿಪೆಟ್ ತುದಿಯಲ್ಲೇ ಅರೆದು, 37 ಡಿಗ್ರಿಯಲ್ಲಿ 30 ನಿಮಿಷ, 95ರಲ್ಲಿ 2 ನಿಮಿಷ. ಈ 95ರ ಹಂತ ಬಿಟ್ಟರೆ ಪ್ರೋಟೀನೇಸ್ ಉಳಿದು, ಡಿಎನ್ಎ ನಕಲು ಮಾಡುವ ಟ್ಯಾಕ್ ಪಾಲಿಮರೇಸನ್ನೇ ತಿಂದುಹಾಕುತ್ತದೆ, ಜೆಲ್ ಖಾಲಿ. 20 ಮೈಕ್ರೋಲೀಟರ್ ಪಿಸಿಆರ್‌ಗೆ 1 ಮೈಕ್ರೋಲೀಟರ್ ಸಾಕು. ಬಿ9ರಲ್ಲಿ 570 ಬೇಸ್ ಜೋಡಿ ಕಳಚಿಹೋಗಿದೆ, ಅದರ ಎರಡೂ ಬದಿಗೆ ಪ್ರೈಮರ್ (ನಕಲು ಶುರುವಾಗುವ ಜಾಗ ತೋರಿಸುವ ಚಿಕ್ಕ ಡಿಎನ್ಎ ತುಣುಕು) ಇಟ್ಟರೆ ತುಣುಕು ಅಷ್ಟು ಚಿಕ್ಕದಾಗಿ, ಜೆಲ್ಲಿನಲ್ಲಿ ಅದರ ಪಟ್ಟಿ ಕೆಳಗೆ ಬರುತ್ತದೆ. ಹತ್ತುವ ಪರೀಕ್ಷೆ ಮುಗಿದ ನೊಣಗಳಲ್ಲಿ ತಳಿಗೆ ನಾಲ್ಕನ್ನಾದರೂ ಹೀಗೆ ನೋಡಿ, ಜೆಲ್ಲಿನ ಫೋಟೋ ವರದಿಗೆ ಅಂಟಿಸಿ. ಉಳಿದವನ್ನು ಟ್ಯೂಬ್ ಸಮೇತ ಒಂದು ರಾತ್ರಿ ಫ್ರೀಜರಿನಲ್ಲಿಟ್ಟ ಮೇಲೆಯೇ ತೊಳೆಯಬೇಕು, ಬದುಕಿದ್ದ ಹಾಗೆ ಹೊರಗೆ ಬಿಡಬಾರದು.