ಮೂರನೆಯ ದಿನದ ಭೇಟಿ

ನಾನು ಹೆರಿಗೆ ವಿಭಾಗದಲ್ಲಿ ಹಲವು ವರ್ಷ ಶುಶ್ರೂಷಕಿಯಾಗಿದ್ದವಳು. ಆ ಕೆಲಸದಿಂದ ಬಿಡುವಾದ ಮೇಲೆ, ನೆರೆಹೊರೆಯ ಗರ್ಭಿಣಿಯರಿಗೂ ಹಸುಗೂಸಿನ ತಂದೆತಾಯಿಯರಿಗೂ ಆಸರೆಯಾಗುವಂತಹ ಒಂದು ಸಣ್ಣ ಗುಂಪನ್ನು ನಾಲ್ಕೈದು ಗೆಳತಿಯರೊಡನೆ ಕಟ್ಟಿದೆ. ಮೊದಲ ವರ್ಷ ನಾವು ಮಾಡಿದ್ದು ಒಂದು ದೂರವಾಣಿ ಸಂಖ್ಯೆಯನ್ನು ಹಂಚಿ, ಏನು ಬೇಕಿದ್ದರೂ ಸಂಕೋಚವಿಲ್ಲದೆ ಕರೆ ಮಾಡಿ ಎಂದು ಹೇಳಿ ಕಾದು ಕುಳಿತದ್ದು ಮಾತ್ರ. ಕರೆಗಳು ಬರಲೇ ಇಲ್ಲವೆನ್ನಬೇಕು. ಬಂದ ಒಂದೆರಡು ಕರೆಗಳೂ ಮೊಲೆತೊಟ್ಟು ಬಿರಿದು, ತಾಯಿ ಹಾಲೂಡಿಸುವ ಧೈರ್ಯವನ್ನೇ ಕಳೆದುಕೊಂಡ ಮೇಲೆ ಬಂದವು.

ನೆರವು ಕೇಳುವುದು ಸುಲಭವೆಂದು ನಾವು ಭಾವಿಸಿದ್ದೇ ತಪ್ಪಾಗಿತ್ತು. ತನಗೆ ಏನು ಕಷ್ಟವಾಗುತ್ತಿದೆ ಎಂಬುದನ್ನು ಮೊದಲು ಗುರುತಿಸಬೇಕು, ಅದು ಇನ್ನೊಬ್ಬರಿಗೆ ತೊಂದರೆ ಕೊಡುವಷ್ಟು ದೊಡ್ಡದೇ ಎಂದು ತೂಗಬೇಕು, ಆಮೇಲೆ ಅದನ್ನು ಮಾತಿನಲ್ಲಿ ಹೇಳಬೇಕು. ಎರಡು ರಾತ್ರಿ ಕಣ್ಣು ಮುಚ್ಚದವರಿಂದ ಇದರಲ್ಲಿ ಒಂದೂ ಆಗುವುದಿಲ್ಲ.

ಹಾಗಾಗಿ ಕರೆಗಾಗಿ ಕಾಯುವುದನ್ನು ಬಿಟ್ಟು, ದಿನ ಗೊತ್ತುಮಾಡಿಕೊಂಡು ನಾವೇ ಹೋಗತೊಡಗಿದೆವು. ಹೆರಿಗೆಯ ನಂತರ ಮೊದಲ 24 ಗಂಟೆಗಳಲ್ಲಿ, 48ರಿಂದ 72 ಗಂಟೆಗಳ ನಡುವೆ, 7ರಿಂದ 14ನೆಯ ದಿನದೊಳಗೆ ಮತ್ತು ಆರನೆಯ ವಾರದಲ್ಲಿ ತಾಯಿ-ಮಗುವಿನ ಆರೈಕೆಯ ಭೇಟಿ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಅದು ವೈದ್ಯಕೀಯ ತಪಾಸಣೆಯ ಲೆಕ್ಕ. ನಮ್ಮದು ಅದಕ್ಕೆ ಬದಲಿಯಲ್ಲ. ಆದರೂ ನಮ್ಮ ಭೇಟಿಗಳಿಗೆ ಇದೇ ಪಟ್ಟಿಯನ್ನು ಆಧಾರವಾಗಿ ಇಟ್ಟುಕೊಂಡೆವು, ಅದರಲ್ಲೂ ಮೂರನೆಯ ದಿನವನ್ನು ಎಂದಿಗೂ ತಪ್ಪಿಸಬಾರದೆಂದು ನಿಶ್ಚಯಿಸಿದೆವು. ಎದೆಹಾಲು ತುಂಬಿ ಸ್ತನಗಳು ಬಿಗಿಯುವುದು, ಮಗುವಿನ ತೂಕ ಹುಟ್ಟಿದಾಗಿನದಕ್ಕಿಂತ ಇಳಿದಿರುವುದು, ಕಾಮಾಲೆ ಏರುವುದು, ತಾಯಿಗೆ ಕಾರಣವಿಲ್ಲದೆ ಅಳು ಬರುವುದು, ಇವೆಲ್ಲವೂ ಹೆಚ್ಚುಕಡಿಮೆ ಮೂರರಿಂದ ಐದನೆಯ ದಿನದ ನಡುವೆ ಒಟ್ಟಿಗೆ ಎದುರಾಗುತ್ತವೆ. ಆಸ್ಪತ್ರೆಯಲ್ಲಿದ್ದಾಗ ನಾನು ಇದನ್ನು ಕಂಡೇ ಇರಲಿಲ್ಲ. ಅಷ್ಟರಲ್ಲಿ ನನ್ನ ಬಾಣಂತಿಯರು ಮನೆಗೆ ಹೋಗಿಬಿಟ್ಟಿರುತ್ತಿದ್ದರು.

ಈ ಭೇಟಿಗೆ ದಾರಿ ಮಾಡಿಕೊಳ್ಳುವುದು ಗರ್ಭಾವಸ್ಥೆಯ ಎಂಟನೆಯ ತಿಂಗಳಿನಲ್ಲಿ. ಆಗ ಒಮ್ಮೆ ಹೋಗಿ ಗಂಡ-ಹೆಂಡತಿ ಇಬ್ಬರೊಡನೆಯೂ ಕುಳಿತು, ರಾತ್ರಿ ನೋವು ಶುರುವಾದರೆ ಯಾವ ವಾಹನ, ಮಗು ಮಲಗುವುದೆಲ್ಲಿ, ನಡುರಾತ್ರಿ ಮಗುವಿನ ಬಟ್ಟೆ ಬದಲಿಸುವವರು ಯಾರು ಎಂಬಂತಹ ವಿಷಯಗಳನ್ನು ಮಾತನಾಡುತ್ತೇವೆ. ಹೊರಡುವಾಗ, ಹೆರಿಗೆಯಾದ ಸುದ್ದಿಯನ್ನಷ್ಟೇ ತಿಳಿಸಿ, ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ನಾವೇ ಬರುತ್ತೇವೆ ಎಂದು ಹೇಳಿ ಬರುತ್ತೇವೆ.

ಮೂರನೆಯ ದಿನ ನಾನು ಮೊದಲು ನೋಡುವುದು ಮಗುವನ್ನಲ್ಲ, ತಾಯಿಯನ್ನು. ನೀರು ಕುಡಿದರೇ, ಸ್ನಾನಕ್ಕೆ ಬಿಡುವು ಸಿಕ್ಕಿತೇ, ರಕ್ತಸ್ರಾವ ಹೇಗಿದೆ, ಜ್ವರವೋ ವಿಪರೀತ ತಲೆನೋವೋ ಇದೆಯೇ ಎಂದು ಕೇಳಿದ ನಂತರ, ಒಂದು ಸಲ ಹಾಲೂಡಿಸುವುದನ್ನು ಮೊದಲಿನಿಂದ ಕೊನೆಯವರೆಗೆ ಸುಮ್ಮನೆ ಕುಳಿತು ನೋಡುತ್ತೇನೆ. ಸುಮ್ಮನಿರುವುದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ಮಗುವಿನ ಬಾಯಿ ಅಗಲವಾಗಿ ತೆರೆದು, ಕೆಳತುಟಿ ಹೊರಕ್ಕೆ ಮಡಚಿ, ಗದ್ದ ಸ್ತನಕ್ಕೆ ತಾಗಿದ್ದರೆ ಮಾತೇ ಬೇಕಿಲ್ಲ. ಬರಿಯ ತೊಟ್ಟನ್ನಷ್ಟೇ ಹಿಡಿದಿದ್ದರೆ ಬಿಡಿಸಿ ಮತ್ತೆ ಹಿಡಿಸಲು ನೆರವಾಗುತ್ತೇನೆ. ಹಾಲು ಸಾಲುತ್ತಿಲ್ಲವೆಂಬ ಅಂಜಿಕೆ ಬಹುತೇಕ ಎಲ್ಲರಿಗೂ ಇರುತ್ತದೆ. ದಿನಕ್ಕೆ 8ರಿಂದ 12 ಬಾರಿ ಮಗು ಹಾಲು ಕುಡಿಯುವುದು ಸಹಜ, ಐದನೆಯ ದಿನದ ನಂತರ ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ ಎಂದು ಬಗೆಯಬಹುದು, ಇಳಿದ ತೂಕ ಸಾಮಾನ್ಯವಾಗಿ ಎರಡು ವಾರದೊಳಗೆ ಮರಳುತ್ತದೆ ಎಂದು ಲೆಕ್ಕ ಕೊಟ್ಟು ಹೇಳಿದಾಗ ಅವರ ಮುಖ ಸಡಿಲವಾಗುವುದನ್ನು ಕಂಡಿದ್ದೇನೆ. ಮಗು ಹಾಲು ಕುಡಿಯಲು ಒಲ್ಲೆನೆಂದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಬಾರಿ ಉಸಿರಾಡಿದರೆ, ಮೈ ಬಿಸಿಯೇರಿದರೆ ಅಥವಾ ತಣ್ಣಗಾದರೆ, ಅಂಗೈ ಅಂಗಾಲುಗಳೂ ಹಳದಿಯಾದರೆ, ನಮಗೆ ಕರೆ ಮಾಡುತ್ತ ಹೊತ್ತು ಕಳೆಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕೆಂದು ಬರೆದ ಚೀಟಿಯನ್ನು ಗೋಡೆಗೆ ಅಂಟಿಸಿಯೇ ಬರುತ್ತೇವೆ.

ಮಗುವನ್ನು ಎತ್ತಿಕೊಂಡು ಕುಳಿತು ತಾಯಿಯನ್ನು ಮನೆಗೆಲಸಕ್ಕೆ ಬಿಡುವುದು ನೆರವಲ್ಲ. ಪಾತ್ರೆ ತೊಳೆಯುವವರು ನಾವು, ಮಗುವಿನ ಜೊತೆ ಮಲಗುವ ಬದಲು ಒಂದು ಗಂಟೆ ಒಬ್ಬರೇ ನಿದ್ದೆ ಮಾಡಬೇಕೆಂದು ತಾಯಿಗೆ ಅನಿಸಿದರೆ ಮಾತ್ರ ಮಗು ನಮ್ಮ ತೋಳಿಗೆ.

ಮನಸ್ಸಿನ ವಿಷಯದಲ್ಲಿ ನಾನು ಒಮ್ಮೆ ಎಡವಿದೆ. ಒಬ್ಬ ತಾಯಿಯನ್ನು ಪ್ರತಿ ಭೇಟಿಯಲ್ಲೂ "ಆರಾಮಾಗಿದ್ದೀರಾ?" ಎಂದು ಕೇಳುತ್ತಿದ್ದೆ, "ಆರಾಮು ಅಕ್ಕಾ" ಎಂದು ಅವರು ನಗುತ್ತಿದ್ದರು. ಮಗುವನ್ನು ಮುಟ್ಟಲೂ ಅವರಿಗೆ ಭಯವಾಗುತ್ತಿತ್ತೆಂಬುದು ಎಷ್ಟೋ ದಿನಗಳ ನಂತರ ಅವರ ಗಂಡನಿಂದ ತಿಳಿಯಿತು. ಮೊದಲ ದಿನಗಳ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ; ಅದನ್ನು ಮೀರಿ ಉಳಿದರೆ ಖಿನ್ನತೆಯಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಅಂದಿನಿಂದ ನಾವು ಬಾಣಂತಿಯರ ಖಿನ್ನತೆಯ ಸುಳಿವು ಹಿಡಿಯಲೆಂದು 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಪ್ರಶ್ನಾವಳಿಯನ್ನು ಬಳಸುತ್ತೇವೆ. ಕಳೆದ ಏಳು ದಿನಗಳ ಬಗ್ಗೆ ಅದರಲ್ಲಿರುವುದು ಹತ್ತೇ ಪ್ರಶ್ನೆ. ಅದು ರೋಗನಿರ್ಣಯವಲ್ಲ, ಆದರೆ ನಗುತ್ತ ಮುಚ್ಚಿಡುವುದನ್ನು ಕಾಗದದ ಮೇಲೆ ಗುರುತು ಹಾಕುವುದು ಹಲವರಿಗೆ ಸುಲಭ. ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು ಹತ್ತನೆಯ ಪ್ರಶ್ನೆ. ಅದಕ್ಕೆ ಇಲ್ಲ ಎನ್ನುವುದರ ಹೊರತು ಬೇರೆ ಯಾವ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ವೈದ್ಯರ ಬಳಿಗೆ ಜೊತೆಯಲ್ಲಿ ಹೋಗುತ್ತೇವೆ. ಖಿನ್ನತೆ ತಂದೆಯರನ್ನೂ ಬಿಡುವುದಿಲ್ಲವಾದ್ದರಿಂದ ಅವರೊಡನೆಯೂ ಬೇರೆಯಾಗಿ ಕುಳಿತು ಮಾತನಾಡುತ್ತೇವೆ.

ಆರನೆಯ ವಾರದ ನಂತರ ನಾವಾಗಿ ಹೋಗುವುದನ್ನು ನಿಲ್ಲಿಸುತ್ತೇವೆ. ದೂರವಾಣಿ ಸಂಖ್ಯೆ ಈಗಲೂ ಮೊದಲ ವರ್ಷ ಹಂಚಿದ್ದೇ. ಆದರೆ ಈಗ ಕರೆ ಮಾಡುವವರು ತಮ್ಮ ಹೆಸರು ಹೇಳುವ ಮೊದಲೇ ನನಗೆ ಅವರ ದನಿ ಗೊತ್ತಾಗುತ್ತದೆ.