ಕೃಷಿ ಕೋರ್ಸಿನ ನರ್ಸರಿ ಪ್ರಾಕ್ಟಿಕಲ್: ಟ್ರೇಯಲ್ಲಿ ಟೊಮೆಟೊ ಸಸಿ

ಕೋಲಾರದಲ್ಲಿ ಕೃಷಿ ಓದುವವರು ಟೊಮೆಟೊ ಸಸಿ ಎಬ್ಬಿಸದೆ ಕೋರ್ಸು ಮುಗಿಸಬಾರದು ಅನ್ನುವುದು ನನ್ನ ಅಭಿಪ್ರಾಯ. ಥಿಯರಿಯನ್ನು ಪರೀಕ್ಷೆಯ ಹಿಂದಿನ ವಾರ ಕೂತು ಓದಿಕೊಳ್ಳಬಹುದು. ಸಸಿಗೆ ಮಾತ್ರ 25 ದಿನವೂ ಹಾಜರಿ ಹಾಕಬೇಕು.

ಮೊದಲು ಲೆಕ್ಕ. ಸಾಲಿನಿಂದ ಸಾಲಿಗೆ 4 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಇಟ್ಟರೆ ಎಕರೆಗೆ 7,260 ಸಸಿ. ನೂರಕ್ಕೆ ಹತ್ತು ಹೋದೀತು ಎಂದಿಟ್ಟುಕೊಂಡರೆ 98 ಗುಳಿಯ ಟ್ರೇ 83 ಬೇಕು. ಹಳೇ ಟ್ರೇ ಆದರೆ ತೊಳೆದು, ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ಶಿಲೀಂಧ್ರನಾಶಕ) ಕದಡಿದ ನೀರಿನಲ್ಲಿ ಅದ್ದಿ ಒಣಗಿಸುತ್ತೇನೆ.

ಹೆಚ್ಚಿನವರು ಎಡವುವುದು ಕೋಕೋಪೀಟ್‌ನಲ್ಲಿ, ಅಂದರೆ ಗುಳಿಗೆ ಮಣ್ಣಿನ ಬದಲು ತುಂಬುವ ತೆಂಗಿನ ನಾರಿನ ಪುಡಿಯಲ್ಲಿ. ಒತ್ತಿ ಮಾಡಿದ ಅದರ 5 ಕಿಲೋ ಇಟ್ಟಿಗೆಗೆ ಸುಮಾರು 25 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಇಪ್ಪತ್ತೈದು ಟ್ರೇ ತುಂಬಬಹುದು. ತೊಳೆಯದ ನಾರಿನ ಪುಡಿಯಲ್ಲಿ ಉಪ್ಪು ಉಳಿದಿರುತ್ತದೆ, ಎಳೆ ಬೇರಿನ ತುದಿ ಸುಟ್ಟು ಎಲೆಯಂಚು ಕಂದಾಗುತ್ತದೆ. ನೆನೆಸಿ, ನೀರು ಬಸಿದು, ಮತ್ತೆ ನೆನೆಸಿ, ಬಸಿದ ನೀರಿನ ಇ.ಸಿ. (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ, ಮೀಟರಿನಲ್ಲಿ mS/cm) 1ಕ್ಕಿಂತ ಕೆಳಗೆ ಬರುವವರೆಗೆ ಬಿಡುವುದಿಲ್ಲ. ಬೋರ್‌ವೆಲ್ ನೀರನ್ನೂ ಮೊದಲೇ ಅಳೆದುಕೊಳ್ಳಿ. ನೀರೇ ಉಪ್ಪಾಗಿದ್ದರೆ ಹತ್ತು ಸಲ ತೊಳೆದರೂ ಮೀಟರ್ ಇಳಿಯುವುದಿಲ್ಲ. ಕೊನೆಯ ತೊಳೆತಕ್ಕೆ ಕೃಷಿ ಹೊಂಡದ ಮಳೆನೀರು ಬಳಸಬೇಕು. ಹದ ನೋಡುವುದು ಅಂಗೈಯಲ್ಲೇ: ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ತೊಟ್ಟಿಕ್ಕಬಾರದು.

ಗುಳಿ ತುಂಬುವಾಗ ಅದುಮಬಾರದು. ಅರ್ಧ ಸೆಂಟಿಮೀಟರ್ ಆಳಕ್ಕೆ ಒಂದೊಂದೇ ಬೀಜ, ಮೇಲೆ ತೆಳುವಾಗಿ ಪುಡಿ. ಹತ್ತು ಹತ್ತು ಟ್ರೇ ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿ. ಮೂರನೇ ದಿನದಿಂದ ಬೆಳಗ್ಗೆ ಸಂಜೆ ಎತ್ತಿ ನೋಡಲೇಬೇಕು. ಮೊಳಕೆ ಬಿಳಿಯಾಗಿ ಇಣುಕಿದ ಕೂಡಲೇ ಟ್ರೇಗಳನ್ನು ನೆರಳಿನಲ್ಲಿ ಬಿಡಿಬಿಡಿಯಾಗಿ ಹರಡಿ. ಅರ್ಧ ದಿನ ತಡವಾದರೂ ಕಾಂಡ ದಾರದ ಹಾಗೆ ಉದ್ದ ಎಳೆದುಕೊಳ್ಳುತ್ತದೆ, ಆಮೇಲೆ ನೆಟ್ಟಗಾಗುವುದಿಲ್ಲ.

ಎಂಟನೇ ದಿನ ಖಾಲಿ ಗುಳಿ ಎಣಿಸಿ ರೆಕಾರ್ಡಿಗೆ ಬರೆಯುವಾಗ ಎಲ್ಲೆಲ್ಲಿ ಖಾಲಿ ಎಂದೂ ಬರೆಯಿರಿ. ಅಂಚಿನ ಸಾಲುಗಳಷ್ಟೇ ಖಾಲಿ ಇದ್ದರೆ ಅಲ್ಲಿ ಒಣಗಿದೆ. ಅಲ್ಲಲ್ಲಿ ಚದುರಿದ್ದರೆ ಬೀಜದ ಮೇಲೆ ಅನುಮಾನ. ಇಡೀ ಟ್ರೇ ತಡವಾಗಿದ್ದರೆ ಆಳ ಹೆಚ್ಚಾಗಿದೆ.

ನೀರು ಬೆಳಗ್ಗೆ, ರೋಸ್‌ಕ್ಯಾನ್‌ನಲ್ಲಿ (ತೂತು ಮೂತಿಯ ನೀರಿನ ಡಬ್ಬಿ). ಸಂಜೆ ಹಾಕಿದರೆ ರಾತ್ರಿಯಿಡೀ ಬುಡ ಒದ್ದೆಯಿದ್ದು ಸಸಿ ಕೊಳೆ ರೋಗ ಬರುತ್ತದೆ: ಕಾಂಡ ಮಣ್ಣಿನ ಮಟ್ಟದಲ್ಲಿ ನೀರು ಹಿಡಿದಂತಾಗಿ ಸಣಕಲಾಗಿ ಮುರಿದು ಬೀಳುತ್ತದೆ. ಬಿದ್ದದ್ದನ್ನು ಕಿತ್ತು, ಸುತ್ತಲಿನ ಗುಳಿಗಳಿಗೆ ಟ್ರೇ ಅದ್ದಿದ ಅದೇ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ದ್ರಾವಣ ಹೊಯ್ಯಬೇಕು. 12 ಮತ್ತು 20ನೇ ದಿನ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು), ಲೀಟರಿಗೆ 3 ಗ್ರಾಂ.

40 ಮೆಶ್ (ಇಂಚಿಗೆ 40 ಕಣ್ಣಿನ) ಕೀಟ ಬಲೆ ಕಡ್ಡಾಯ. ಎಲೆ ಮುದುಡುವ ವೈರಸ್ಸನ್ನು ಬಿಳಿ ನೊಣ ಎಳೆ ಸಸಿಗೇ ಅಂಟಿಸಿಬಿಡುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ ನಿರೋಧಕ ತಳಿ ಹಾಕಿದರೂ ಬಲೆ ಬಿಡಬೇಡಿ. ಬಾಗಿಲು ಎರಡಿರಲಿ, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯಬೇಕು.

ಕೊನೆಯ ನಾಲ್ಕೈದು ದಿನ ನೆರಳು ತೆಗೆದು, ನೀರು ತಗ್ಗಿಸಿ. 21ರಿಂದ 25ನೇ ದಿನದೊಳಗೆ ಒಂದು ಸಸಿಯನ್ನು ಬುಡ ಹಿಡಿದು ಎಳೆದು ನೋಡಿ. ಗುಳಿಯ ಪುಡಿಯೆಲ್ಲ ಬಿಳಿ ಬೇರಿಗೆ ಅಂಟಿಕೊಂಡು ಇಡಿಯಾಗಿ ಎದ್ದು ಬಂದರೆ ನಾಟಿಗೆ ಸಿದ್ಧ. ಪುಡಿ ಉದುರಿದರೆ ಇನ್ನೆರಡು ದಿನ ಕಾಯಿರಿ; ಬೇರು ಕಂದಾಗಿದ್ದರೆ ನೀರು ಜಾಸ್ತಿಯಾಗಿದೆ, ಆ ಟ್ರೇಯನ್ನು ಬೇರೆ ಇಡಿ.