ಕನಸಿನ ವಾಚ್ ಹುಡುಕುವಾಗ ಅಳತೆ ಟೇಪು ಜೊತೆಗಿರಲಿ

ಲಕ್ಷಗಟ್ಟಲೆ ಬೆಲೆಯ ವಾಚ್‌ಗಳನ್ನು ಹೋಲಿಸಲು ಕೂತವರು ಸಾಮಾನ್ಯವಾಗಿ ಮೊದಲು ನೋಡುವುದು ಬ್ರ್ಯಾಂಡ್, ಆಮೇಲೆ ಬೆಲೆ. ನಾನು ಮೊದಲು ನೋಡುವುದು ಮಣಿಕಟ್ಟನ್ನು. ಬೆಂಗಳೂರಿನ ಪೀಣ್ಯದ ಒಂದು ಟೂಲ್‌ರೂಮ್‌ನಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ನನ್ನ ಕೆಲಸ. ದಿನವಿಡೀ ಕೈಯಲ್ಲಿ ವರ್ನಿಯರ್, ಮೈಕ್ರೋಮೀಟರ್, ಲೂಪ್ (ಕಣ್ಣಿಗೆ ಹಿಡಿದು ನೋಡುವ ಪುಟ್ಟ ಭೂತಗನ್ನಡಿ). ಅಳೆಯದೆ ಯಾವುದನ್ನೂ ಒಪ್ಪಿಕೊಳ್ಳುವ ಅಭ್ಯಾಸ ಇಲ್ಲ. ವಾಚಿನ ಕನಸು ಕಾಣುವಾಗಲೂ ಅದನ್ನೇ ಪಾಲಿಸುತ್ತಾ ಬಂದೆ. ನಿನಗೆ ಯಾವ ವಾಚ್ ಬೇಕು, ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ಈಗ ಎರಡೇ ವಾಕ್ಯದಲ್ಲಿ ಹೇಳಬಲ್ಲೆ. ಅಲ್ಲಿಗೆ ಹೇಗೆ ತಲುಪಬಹುದು ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲು ಕೈ ಅಳೆಯಿರಿ. ಟೈಲರ್ ಟೇಪು ಸುತ್ತಿ ತೆಗೆದ ಸುತ್ತಳತೆ ಪಟ್ಟಿಯ ಉದ್ದಕ್ಕೆ ಬೇಕು, ಅಷ್ಟೆ. ಅದಕ್ಕಿಂತ ಮುಖ್ಯವಾದದ್ದು ಮಣಿಕಟ್ಟಿನ ಮೇಲುಭಾಗದ ಸಮತಟ್ಟು ಜಾಗದ ಅಗಲ. ಕೈಯನ್ನು ಮೇಜಿನ ಮೇಲೆ ಇಟ್ಟು, ಮೇಲೆ ಸ್ಕೇಲ್ ಹಿಡಿದು ನೋಡಿ. ನನ್ನದು 47 ಮಿ.ಮೀ. ವಾಚಿನಲ್ಲಿ ಪಟ್ಟಿ ಸಿಕ್ಕಿಸುವ ನಾಲ್ಕು ಕಾಲುಗಳಿರುತ್ತವಲ್ವಾ, ಅವಕ್ಕೆ ಲಗ್ ಅಂತಾರೆ. ಮೇಲಿನ ಲಗ್ ತುದಿಯಿಂದ ಕೆಳಗಿನ ಲಗ್ ತುದಿಯವರೆಗಿನ ಉದ್ದ ಈ 47ರೊಳಗೆ ಇದ್ದರೆ ವಾಚ್ ಕೈ ಮೇಲೆ ಕೂರುತ್ತದೆ. ದಾಟಿದರೆ ಎರಡೂ ಕಡೆ ಆಚೆ ಚಾಚಿಕೊಳ್ಳುತ್ತದೆ, ಎಷ್ಟೇ ಒಳ್ಳೆಯ ವಾಚ್ ಆಗಿರಲಿ.

ಜಾಹೀರಾತಿನಲ್ಲಿ ಕೊಡುವುದು ಕೇಸಿನ, ಅಂದರೆ ವಾಚಿನ ಹೊರಕವಚದ, ವ್ಯಾಸ ಮಾತ್ರ. ಅದನ್ನೇ ನಂಬಿ ಕೂರಬೇಡಿ. ಒಮೆಗಾ ಸ್ಪೀಡ್‌ಮಾಸ್ಟರ್ ಪ್ರೊಫೆಷನಲ್ 42 ಮಿ.ಮೀ. ವಾಚ್. 1969ರಲ್ಲಿ ಚಂದ್ರನ ಮೇಲೆ ಓಡಾಡಿದ್ದು ಇದೇ ಸಾಲಿನ ವಾಚ್. ಜರ್ಮನಿಯ ಗ್ಲಾಸ್‌ಹ್ಯೂಟ್ ಊರಿನ ನೊಮೊಸ್ ಕಂಪನಿಯ ಟ್ಯಾಂಜೆಂಟೆ 38ರ ವ್ಯಾಸ 37.5 ಮಿ.ಮೀ. ಕಾಗದದಲ್ಲಿ ನೋಡಿದರೆ ನೊಮೊಸ್ ಚಿಕ್ಕದು. ಆದರೆ ಅದರ ಲಗ್‌ಗಳು ಉದ್ದ, ನೇರ. ಸ್ಪೀಡ್‌ಮಾಸ್ಟರ್‌ನ ಲಗ್‌ಗಳು ಗಿಡ್ಡ, ಕೆಳಗೆ ಬಾಗಿರುತ್ತವೆ. ಹಾಗಾಗಿ ತುದಿಯಿಂದ ತುದಿಗೆ ಎರಡೂ 48 ಮಿ.ಮೀ. ಆಸುಪಾಸಿನಲ್ಲೇ ನಿಲ್ಲುತ್ತವೆ. ಇದನ್ನು ಮನೆಯಲ್ಲೇ ನೋಡಬಹುದು. ರಟ್ಟಿನ ಮೇಲೆ ಕೇಸಿನ ವೃತ್ತ, ಲಗ್ ಎಲ್ಲ ನಿಜವಾದ ಅಳತೆಯಲ್ಲಿ ಬರೆದು ಕತ್ತರಿಸಿ. ದಪ್ಪ ಎಷ್ಟೋ ಅಷ್ಟು ಪದರ ಅಂಟಿಸಿ. ರಬ್ಬರ್ ಬ್ಯಾಂಡ್ ಹಾಕಿ ಕೈಗೆ ಕಟ್ಟಿಕೊಳ್ಳಿ. ಶರ್ಟಿನ ತೋಳು ಅದರ ಮೇಲೆ ಜಾರುತ್ತದೋ ಸಿಕ್ಕಿಕೊಳ್ಳುತ್ತದೋ ಗೊತ್ತಾಗುತ್ತದೆ. ಹೀಗೆ ಮಾಡಿದ ಮೇಲೆ, ಇಷ್ಟವಾದ ವಾಚ್‌ಗಳ ಹೆಸರು ಬರೆದಿಟ್ಟಿದ್ದ ನನ್ನ ಪಟ್ಟಿಯಲ್ಲಿ ಅರ್ಧದಷ್ಟೂ ಉಳಿಯಲಿಲ್ಲ.

ಎರಡನೆಯದು ನಿಮ್ಮ ದಿನ. ಬೆಳಗ್ಗೆಯಿಂದ ರಾತ್ರಿವರೆಗೆ ಕೈ ಎಲ್ಲೆಲ್ಲಿ ಹೋಗುತ್ತದೆ ಅಂತ ಬರೆದುಕೊಳ್ಳಿ. ಪಾತ್ರೆ ತೊಳೆಯುತ್ತೀರಾ, ಮಳೆಯಲ್ಲಿ ಗಾಡಿ ಓಡಿಸುತ್ತೀರಾ, ಈಜುತ್ತೀರಾ? 30 ಮೀಟರ್ ಅಂತ ಬರೆದಿದ್ದರೆ ಕೈ ತೊಳೆಯುವಾಗ ಸಿಡಿಯುವ ನೀರು ತಡೆಯುತ್ತದೆ ಅಂತ ಅರ್ಥ, ಈಜೋಕೆ ಅಲ್ಲ. ಈಜುವವರಿಗೆ 100 ಮೀಟರ್ ಬೇಕು. ಗಾಜಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಈ ಬೆಲೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಸುಲಭಕ್ಕೆ ಗೀರು ಬೀಳದ ಸಫೈರ್.

ಯಾರೂ ಕೇಳದ ಒಂದು ಪ್ರಶ್ನೆ ಅಯಸ್ಕಾಂತದ್ದು. ನನ್ನ ಕೆಲಸದ ಜಾಗದಲ್ಲಿ ಡಯಲ್ ಸ್ಟ್ಯಾಂಡಿನ ಬುಡ ಅಯಸ್ಕಾಂತ, ಗ್ರೈಂಡಿಂಗ್ ಮಷಿನ್ನಿನ ಚಕ್ ಅಯಸ್ಕಾಂತ. ನಿಮ್ಮ ಮನೆಯಲ್ಲೂ ಇದೆ: ಫೋನಿನ ಸ್ಪೀಕರ್, ಹ್ಯಾಂಡ್‌ಬ್ಯಾಗಿನ ಗುಂಡಿ, ಟ್ಯಾಬ್ಲೆಟ್ಟಿನ ಕವರ್. ಮೆಕ್ಯಾನಿಕಲ್ ವಾಚಿನ ಒಳಗೆ ಕೂದಲಿನಷ್ಟು ಸಣ್ಣ ಹೇರ್‌ಸ್ಪ್ರಿಂಗ್ ಇರುತ್ತದೆ. ಅದು ಉಕ್ಕಿನ ಬಗೆಯದಾಗಿದ್ದು ಅಯಸ್ಕಾಂತ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪ್ರಿಂಗ್ ಗಿಡ್ಡವಾದಂತೆ ಆಗಿ ವಾಚ್ ದಿನಕ್ಕೆ ಎಷ್ಟೋ ನಿಮಿಷ ಮುಂದೆ ಓಡುತ್ತದೆ. ಅಯಸ್ಕಾಂತದ ಬಲವನ್ನು ಗಾಸ್‌ನಲ್ಲಿ ಅಳೆಯುತ್ತಾರೆ; ಸಾಮಾನ್ಯವಾಗಿ ವಾಚ್‌ಗಳು ತಡೆದುಕೊಳ್ಳುವುದು 60 ಗಾಸ್ ಆಸುಪಾಸು. ಒಮೆಗಾದ ಮಾಸ್ಟರ್ ಕ್ರೊನೋಮೀಟರ್ ವಾಚ್‌ಗಳನ್ನು 15,000 ಗಾಸ್‌ನಲ್ಲಿ ಪರೀಕ್ಷೆ ಮಾಡುತ್ತಾರೆ. ಅವುಗಳ ಹೇರ್‌ಸ್ಪ್ರಿಂಗ್ ಸಿಲಿಕಾನ್. ಈ ಎರಡು ಸಂಖ್ಯೆಗಳ ನಡುವಿನ ಅಂತರ ನೋಡಿ! ನನ್ನಂಥವರು ಕೆಲಸಕ್ಕೆ ಕಟ್ಟಿಕೊಂಡು ಹೋಗುವ ವಾಚ್ ಆದರೆ ಇದೊಂದೇ ಸಾಕು ತೀರ್ಮಾನಕ್ಕೆ.

ನಿಖರತೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸ್ವಿಟ್ಜರ್ಲೆಂಡಿನ ಸಿಒಎಸ್‌ಸಿ ಸಂಸ್ಥೆ ವಾಚಿನ ಒಳಗಿನ ಯಂತ್ರವನ್ನು 15 ದಿನ, ಐದು ಭಂಗಿಗಳಲ್ಲಿ, ಮೂರು ಉಷ್ಣಾಂಶಗಳಲ್ಲಿ ಪರೀಕ್ಷಿಸಿ, ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ ಅಥವಾ 6 ಸೆಕೆಂಡ್ ಮುಂದೆ ಇದ್ದರೆ ಪಾಸ್ ಮಾಡುತ್ತದೆ. ರೋಲೆಕ್ಸ್ ಕೇಸಿಗೆ ಹಾಕಿದ ಮೇಲೆ ಹಿಂದೆ ಮುಂದೆ 2 ಸೆಕೆಂಡ್ ಅನ್ನುತ್ತದೆ. ಜಪಾನಿನ ಗ್ರ್ಯಾಂಡ್ ಸೈಕೋದ ಸ್ಪ್ರಿಂಗ್ ಡ್ರೈವ್ ಯಂತ್ರ (ಸ್ಪ್ರಿಂಗಿನಿಂದ ಓಡುತ್ತದೆ, ವೇಗವನ್ನು ಕ್ವಾರ್ಟ್ಜ್ ಹರಳು ಹಿಡಿತದಲ್ಲಿಡುತ್ತದೆ) ತಿಂಗಳಿಗೇ 15 ಸೆಕೆಂಡ್ ಅನ್ನುತ್ತದೆ. ದಿನದ ಲೆಕ್ಕ, ತಿಂಗಳ ಲೆಕ್ಕ ಎರಡನ್ನೂ ಪಕ್ಕಪಕ್ಕ ಇಟ್ಟು ಗೊಂದಲ ಮಾಡಿಕೊಳ್ಳಬೇಡಿ, ಎಲ್ಲವನ್ನೂ ತಿಂಗಳಿಗೆ ಬದಲಿಸಿ. ದಿನಕ್ಕೆ 6 ಸೆಕೆಂಡ್ ಅಂದರೆ ತಿಂಗಳಿಗೆ 3 ನಿಮಿಷ. ಅದು ನಿಮಗೆ ತಡೆಯುತ್ತದೆಯಾ ಇಲ್ಲವಾ ಅಂತ ಕೇಳಿಕೊಳ್ಳಿ. ನನಗೆ ತಡೆಯುತ್ತದೆ.

ಕೀ ಕೊಡುವ ವಾಚ್ ಬೇಕೋ, ಕೈಯ ಓಡಾಟಕ್ಕೇ ಕೀ ತುಂಬಿಕೊಳ್ಳುವ ಆಟೊಮ್ಯಾಟಿಕ್ ಬೇಕೋ ಅನ್ನುವುದು ಓದಿ ತಿಳಿಯುವ ವಿಷಯವಲ್ಲ. ಮನೆಯಲ್ಲಿ ಹಳೆಯ ಎಚ್‌ಎಂಟಿ ಜನತಾ ಇದ್ದರೆ ತೆಗೆಯಿರಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ಫ್ಯಾಕ್ಟರಿ ಅದು. ನನ್ನ ಅಮ್ಮ ಅಲ್ಲೇ ಅಸೆಂಬ್ಲಿಯಲ್ಲಿದ್ದರು. 17 ಜ್ಯುವೆಲ್ (ಸವೆತ ತಡೆಯುವ ಪುಟ್ಟ ಹರಳುಗಳು), ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ರಾತ್ರಿ ಕಿವಿಗೆ ಹಿಡಿದು ಕೇಳಿ, ಒಂದೊಂದು ಬಡಿತವೂ ಬಿಡಿಬಿಡಿಯಾಗಿ ಕೇಳುತ್ತದೆ. ಇವತ್ತಿನ ದುಬಾರಿ ವಾಚ್‌ಗಳಲ್ಲಿ ಸಾಮಾನ್ಯವಾಗಿ 28,800, ಸೆಕೆಂಡಿಗೆ ಎಂಟು. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ. ಹೆಬ್ಬೆರಳಿಗೂ ತೋರುಬೆರಳಿಗೂ ಸ್ಪ್ರಿಂಗ್ ಬಿಗಿಯಾಗುತ್ತಾ ಬರುವುದು ಗೊತ್ತಾಗುತ್ತದೆ. ನಿಂತಲ್ಲಿಗೆ ನಿಲ್ಲಿಸಿ, ಒತ್ತಬೇಡಿ. ಒಂದು ತಿಂಗಳಾದ ಮೇಲೂ ಈ ಕೆಲಸ ಹಿತ ಅನ್ನಿಸಿದರೆ ನೀವು ಕೀ ಕೊಡುವ ವಾಚಿನವರು. ಬೇಜಾರು ಬಂದರೆ ಆಟೊಮ್ಯಾಟಿಕ್ ಸಾಲಿಗೆ ಹೋಗಿ. ಮನೆಯಲ್ಲಿ ಇಲ್ಲದಿದ್ದರೆ ಹಳೆಯದನ್ನು ಕೊಳ್ಳಬಹುದು. ಆದರೆ ತೀರಾ ಹೊಳೆಯುವ, ಬಣ್ಣಬಣ್ಣದ ಡಯಲ್ ಇದ್ದರೆ ಅದು ಮತ್ತೆ ಪೇಂಟ್ ಮಾಡಿದ್ದೇ ಅಂತ ಇಟ್ಟುಕೊಳ್ಳಿ.

ಇನ್ನು ಅಂಗಡಿ. ಬೆಂಗಳೂರಿನಲ್ಲಿ ಯುಬಿ ಸಿಟಿಯಂಥ ಕಡೆ ಹೋಗಲು ಸಂಕೋಚ ಬೇಡ. ವಾಚ್ ನೋಡೋಕೆ ಬಂದೆ, ಈಗಲೇ ಕೊಳ್ಳುವುದಿಲ್ಲ ಅಂತ ಮೊದಲೇ ಹೇಳಿ. ವಾರದ ನಡುವೆ ಮಧ್ಯಾಹ್ನ ಹೋದರೆ ಅವರಿಗೂ ಪುರುಸೊತ್ತು ಇರುತ್ತದೆ. ಬಳೆ, ಉಂಗುರ ತೆಗೆದಿಡಿ, ಕೇಸಿಗೆ ಗೀರು ಬೀಳಬಾರದಲ್ವಾ. ಕೇಳಿ, ಒಂದು ಲೂಪ್ ಕೊಡುತ್ತಾರೆ. ನಾನು ನನ್ನದೇ ಹತ್ತು ಪಟ್ಟಿನ ಲೂಪ್ ಒಯ್ಯುತ್ತೇನೆ.

ಲೂಪಿನಲ್ಲಿ ನೋಡಬೇಕಾದದ್ದು ಇದು. ಗಂಟೆ ಗುರುತುಗಳ ಅಂಚು ಚೂಪಾಗಿದೆಯಾ, ಮೂಲೆ ದುಂಡಾಗಿದೆಯಾ. ನಿಮಿಷದ ಮುಳ್ಳು ನಿಜವಾಗಿ ನಿಮಿಷದ ಗೆರೆಗೆ ಮುಟ್ಟುತ್ತದಾ, ಅರ್ಧಕ್ಕೇ ನಿಲ್ಲುತ್ತದಾ. ತಾರೀಕಿನ ಅಂಕಿ ಕಿಟಕಿಯ ನಡುವೆ ಇದೆಯಾ. ಕೇಸಿನಲ್ಲಿ ಪಾಲಿಶ್ ಮಾಡಿದ ಭಾಗ, ಬ್ರಶ್ ಮಾಡಿದ ಭಾಗ ಸೇರುವ ಗೆರೆ ನೇರವಾಗಿದೆಯಾ. ನಾನು ಇದರಲ್ಲಿ ಅತಿ ಹೆಚ್ಚು ಹೊತ್ತು ಕಳೆದದ್ದು ಗ್ರ್ಯಾಂಡ್ ಸೈಕೋದ ಎಸ್‌ಬಿಜಿಡಬ್ಲ್ಯು 231ರ ಮುಂದೆ. ದಂತದ ಬಣ್ಣದ ಡಯಲ್, ತಾರೀಕು ಇಲ್ಲ, ಬರೀ ಮೂರು ಮುಳ್ಳು. ಗಂಟೆ ಮುಳ್ಳಿನ ನಡುವೆ ಏಣು ಇದೆ, ಎರಡು ಕಡೆಗೂ ಇಳಿಜಾರು. ಕೈಯನ್ನು ಸ್ವಲ್ಪ ಓರೆ ಮಾಡಿದರೆ ಒಂದು ಇಳಿಜಾರು ಪೂರ್ತಿ ಬೆಳ್ಳಗೆ, ಇನ್ನೊಂದು ಪೂರ್ತಿ ಕಪ್ಪಗೆ. ನಡುವಿನ ಗೆರೆಯಲ್ಲಿ ಲೂಪಿನಡಿಯಲ್ಲೂ ಎಲ್ಲೂ ಅಲುಗಾಟ ಕಾಣಲಿಲ್ಲ. ಲೋಹದಲ್ಲಿ ಅಂಥ ಏಣು ತೆಗೆಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನಮ್ಮ ಟೂಲ್‌ರೂಮಿನ ಹಿರಿಯರು ನೋಡಿದ್ದರೆ ಎದ್ದು ನಿಲ್ಲುತ್ತಿದ್ದರು.

ಅಂಗಡಿಯ ದೀಪಕ್ಕೆ ಮರುಳಾಗಬೇಡಿ. ಆ ಬೆಳಕಿನಲ್ಲಿ ಎಲ್ಲ ಡಯಲ್‌ಗಳೂ ಮಿಂಚುತ್ತವೆ. ಕಿಟಕಿ ಹತ್ತಿರ, ನೆರಳಿನಲ್ಲಿ, ತೋಳು ಚಾಚಿ ಹಿಡಿದು ಸಮಯ ಓದಿ. ಓದೋಕೆ ತಡವರಿಸಿದರೆ ಆ ವಾಚನ್ನು ಪಟ್ಟಿಯಲ್ಲಿ ಒಂದು ಸ್ಥಾನ ಕೆಳಗೆ ಇಳಿಸಿ. ಕನ್ನಡಿಯಲ್ಲೂ ನೋಡಿಕೊಳ್ಳಿ. ನಿಮ್ಮ ಕೈಯನ್ನು ಬೇರೆಯವರು ನೋಡುವ ದೂರ ಅದು.

ಕಥೆಗಳಿಗೆ ಬೆಲೆ ಕೊಡಬೇಕಾ? ಕೊಡಿ, ಆದರೆ ಆ ಕಥೆ ವಾಚಿನ ರೂಪದಲ್ಲೇ ಕಾಣಬೇಕು. ಜೇಜರ್ ಲಕೂಲ್ತ್ರ್ ಕಂಪನಿಯ ರಿವರ್ಸೊ 1931ರದ್ದು. ಭಾರತದಲ್ಲಿ ಪೋಲೊ ಆಡುತ್ತಿದ್ದ ಬ್ರಿಟಿಷ್ ಅಧಿಕಾರಿಗಳ ವಾಚಿನ ಗಾಜು ಒಡೆಯುತ್ತಿತ್ತು, ಅದಕ್ಕೇ ಮಗುಚುವ ವಾಚ್ ಮಾಡಿದೆವು ಅನ್ನುತ್ತದೆ ಕಂಪನಿ. ಆಯತಾಕಾರದ ಕೇಸನ್ನು ಬೆರಳಿಂದ ಪಕ್ಕಕ್ಕೆ ತಳ್ಳಿ, ತಿರುಗಿಸಿ, ಮತ್ತೆ ಒಳಗೆ ತಳ್ಳಿದರೆ ಟಕ್ ಅಂತ ಕೂರುತ್ತದೆ. ಸಂದಿಯಲ್ಲಿ ಅಲುಗಾಟವೇ ಇಲ್ಲ. ಇಲ್ಲಿ ಕಥೆ ಬೆರಳಿಗೇ ಸಿಗುತ್ತದೆ. ಬರೀ ಹೆಸರಾಂತ ನಟ ಕಟ್ಟಿದ್ದ ಅನ್ನುವ ಕಥೆಯನ್ನು ನಾನು ಪಟ್ಟಿಗೆ ಸೇರಿಸುವುದಿಲ್ಲ.

ದುಡ್ಡಿನ ಲೆಕ್ಕದಲ್ಲಿ ಬೆಲೆ ಚೀಟಿ ಬರೀ ಮೊದಲ ಸಾಲು. ಸರ್ವಿಸ್ ಎಲ್ಲಿ, ಎಷ್ಟು ವರ್ಷಕ್ಕೊಮ್ಮೆ, ಖರ್ಚೆಷ್ಟು, ವಾಚ್ ಬೆಂಗಳೂರಿನಲ್ಲೇ ಇರುತ್ತದಾ ಅಥವಾ ಹೊರಗೆ ಕಳಿಸುತ್ತಾರಾ ಅಂತ ಕೇಳಿ ಬರೆದುಕೊಳ್ಳಿ. ಕ್ರೊನೋಗ್ರಾಫ್ (ಸ್ಟಾಪ್‌ವಾಚ್ ಇರುವ ವಾಚ್) ಆದರೆ ಸರ್ವಿಸ್ ಸಾದಾ ಮೂರು ಮುಳ್ಳಿನದಕ್ಕಿಂತ ಬಹಳ ದುಬಾರಿ. ಸ್ವಿಸ್ ವಾಚ್ ಕನಸಿದ್ದವರಿಗೆ ಒಂದು ಒಳ್ಳೆಯ ಸುದ್ದಿ: ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ನಾಲ್ಕು ದೇಶಗಳ ಕೂಟವಾದ ಇಎಫ್‌ಟಿಎ ಜೊತೆಗಿನ ಭಾರತದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ, ಅಲ್ಲಿನ ವಾಚ್‌ಗಳ ಆಮದು ಸುಂಕ ಹಂತಹಂತವಾಗಿ ಇಳಿಯಬೇಕು. ಜಪಾನ್, ಜರ್ಮನಿ ವಾಚ್‌ಗಳಿಗೆ ಇದು ಅನ್ವಯಿಸುವುದಿಲ್ಲ. 10 ಲಕ್ಷ ದಾಟಿದ ವಾಚಿಗೆ 2025ರ ಏಪ್ರಿಲ್‌ನಿಂದ ಅಂಗಡಿಯವರು 1 ಶೇಕಡಾ ಟಿಸಿಎಸ್ (ಮಾರುವಾಗಲೇ ಸಂಗ್ರಹಿಸುವ ಆದಾಯ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು.

ನನ್ನ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಮೂರು ಹೆಸರು ಉಳಿದವು. 38 ಮಿ.ಮೀ. ಒಮೆಗಾ ಆಕ್ವಾ ಟೆರಾ: 150 ಮೀಟರ್, 15,000 ಗಾಸ್, ನನ್ನ ಕೆಲಸಕ್ಕೆ ಹೇಳಿ ಮಾಡಿಸಿದ್ದು. ರಿವರ್ಸೊ ಟ್ರಿಬ್ಯೂಟ್: 45.6 ಮಿ.ಮೀ. ಉದ್ದ, 8.5 ಮಿ.ಮೀ. ದಪ್ಪ, ಕೈ ಮೇಲೆ ಇದೆ ಅನ್ನುವುದೇ ಮರೆತುಹೋಗುತ್ತದೆ. 37.3 ಮಿ.ಮೀ. ಗ್ರ್ಯಾಂಡ್ ಸೈಕೋ: ಕೀ ಕೊಡುವುದು, ನೀರು ತಡೆ 30 ಮೀಟರ್, ಅಯಸ್ಕಾಂತಕ್ಕೆ ಆಗಿಬರುವುದಿಲ್ಲ.

ಅಂಕಿ ನೋಡಿದರೆ ಒಮೆಗಾ ಗೆಲ್ಲಬೇಕು. ಅದಕ್ಕೇ ಪ್ರಶ್ನೆಯನ್ನೇ ಸರಿಮಾಡಿಕೊಂಡೆ: ಇದು ಕೆಲಸಕ್ಕೆ ಕಟ್ಟುವ ವಾಚಾ, ಕೆಲಸ ಮುಗಿದ ಮೇಲೆ ಕಟ್ಟುವುದಾ? ಪೀಣ್ಯಕ್ಕೆ ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ವಾಚ್ ಸಾಕು. ಕನಸಿನದು ಶನಿವಾರ ಸಂಜೆ ಕೀ ಕೊಟ್ಟು ಕಟ್ಟಿಕೊಳ್ಳುವುದು. 72 ಗಂಟೆ ಓಡುತ್ತದೆ, ಭಾನುವಾರ ಮುಗಿಯುವಷ್ಟರಲ್ಲಿ ಖಂಡಿತ ನಿಲ್ಲುವುದಿಲ್ಲ. ಆ ಮುಳ್ಳಿನ ಏಣನ್ನು ಲೂಪ್ ಇಲ್ಲದೆಯೂ ನೋಡಬೇಕು ಅನ್ನಿಸುವುದು ಅದರಲ್ಲಿ ಮಾತ್ರ. ಗ್ರ್ಯಾಂಡ್ ಸೈಕೋವೇ ಮೊದಲು.

ಅದರ ಹೆಸರಲ್ಲಿ ಅಂಚೆ ಕಚೇರಿಯಲ್ಲಿ ಆರ್‌ಡಿ ತೆರೆದಿದ್ದೇನೆ, 5 ವರ್ಷದ್ದು. ನೀವೂ ಹಾಗೆ ಮಾಡುವುದಾದರೆ ವರ್ಷಕ್ಕೊಮ್ಮೆ ಪಟ್ಟಿ ತೆಗೆದು ಮೂರು ವಿಷಯ ನೋಡಿ: ಆ ಮಾಡೆಲ್ ಇನ್ನೂ ತಯಾರಾಗುತ್ತಿದೆಯಾ, ಬೆಲೆ ಎಷ್ಟು ಏರಿದೆ, ಅಂಗಡಿಗೆ ಹೋಗಿ ಮತ್ತೆ ಕಟ್ಟಿಕೊಂಡಾಗ ಬಿಚ್ಚಿ ಕೊಡೋಕೆ ಇನ್ನೂ ಮನಸ್ಸಾಗುವುದಿಲ್ಲವಾ. ಮಾಡೆಲ್ ನಿಂತಿದ್ದರೆ ಅದರ ಅಳತೆಗಳನ್ನೇ ಹಿಡಿದುಕೊಂಡು ಅದರ ಜಾಗಕ್ಕೆ ಬಂದದ್ದನ್ನು ಅಳೆಯಲು ಶುರು ಮಾಡಿ.